ಎರಡು ಬೆರಳಿನ ಎತ್ತರ

ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಾಗ ಬೆಳಗಿನ ಎಂಟು ಗಂಟೆ. ರಸ್ತೆಯ ಎರಡೂ ಬದಿಗೆ ಮೊಣಕಾಲೆತ್ತರ ಹಿಮ ಬಿದ್ದಿತ್ತು. ಅಂಗಡಿಯ ಗಾಜಿನ ಬಾಗಿಲಿಗೆ ಸುತ್ತಿದ್ದ ಕ್ರಿಸ್‌ಮಸ್ ದೀಪಗಳು ಹಗಲಿನಲ್ಲೂ ಮಿನುಗುತ್ತಿದ್ದವು. ಏಳು ವರ್ಷದ ಮಗಳು ಆ ಬಾಗಿಲ ಮುಂದೆ ನಿಂತು ಕಾಗದದ ಲೋಟದಿಂದ ಬಿಸಿ ಹಾಲು ಕುಡಿಯುತ್ತಿದ್ದಳು. ತಾಯಿ ಕಾರಿನ ಕಿಟಕಿಯಿಂದ ಅವಳತ್ತ ನೋಡಿದಳು. ಕಣ್ಣು ಹೋದದ್ದು ಮಗಳ ಮುಖಕ್ಕಲ್ಲ, ಪ್ಯಾಂಟಿನ ಅಂಚಿಗೆ.

ಅವಳು ದರ್ಜಿ. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕತ್ತರಿ ಹಿಡಿದವಳು. ಮಗಳ ಪ್ಯಾಂಟನ್ನು ಹೊಲಿದು ಇಸ್ತ್ರಿ ಮಾಡಿದ್ದು ಮೊನ್ನೆ ಸಂಜೆ. ಅಂಚು ಬೂಟಿನ ಮೇಲೆ ಸರಿಯಾಗಿ ಕೂರಬೇಕಿತ್ತು. ಈಗ ಅದು ಎರಡು ಬೆರಳು ಮೇಲಕ್ಕೆ ನಿಂತಿತ್ತು.

"ನನ್ನ ಕೈ ತಪ್ಪಿತಾ?" ಎಂದು ಅವಳು ಗೊಣಗಿದಳು.

ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅತ್ತೆ ಕತ್ತು ಚಾಚಿ ನೋಡಿದರು. "ಹುಡುಗಿ ಎರಡು ದಿನದಲ್ಲಿ ಬೆಳೆದುಬಿಟ್ಲು ಕಣಮ್ಮ. ಇಲ್ಲಾ ನಿನ್ನ ಟೇಪಿಗೂ ನನ್ನ ಹಾಗೇ ವಯಸ್ಸಾಯ್ತು."

ತಾಯಿ ನಗಲಿಲ್ಲ. ಎರಡು ದಿನದಲ್ಲಿ ಯಾವ ಮಗುವೂ ಎರಡು ಬೆರಳು ಬೆಳೆಯುವುದಿಲ್ಲ.

ಕಾರು ಮತ್ತೆ ಹೊರಟಿತು. ಮಗಳ ಹೊಸ ಬೂಟುಗಳು ಹಿಮದಲ್ಲಿ ಒದ್ದೆಯಾಗಿದ್ದವು. "ಬಿಚ್ಚು, ಹೀಟರ್ ಮುಂದೆ ಒಣಗಿಸ್ತೀನಿ," ಎಂದು ತಾಯಿ ಕೈ ಹಿಂದಕ್ಕೆ ಚಾಚಿದಳು.

"ಬೇಡಮ್ಮ. ಕಾಲು ಬೆಚ್ಚಗಿದೆ."

"ಬಿಚ್ಚು ಅಂದೆ."

ಮಗಳು ಕನ್ನಡಿಯಲ್ಲಿ ಅಪ್ಪನ ಕಣ್ಣನ್ನು ಹುಡುಕಿದಳು. ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. ಬೂಟು ಕೈಗೆ ಬಂತು. ತಾಯಿ ಒಳಗೆ ಕೈ ಹಾಕಿದಳು. ಬೆರಳಿಗೆ ತಳ ಬೇಗನೆ ಸಿಕ್ಕಿತು, ಸಿಗಬೇಕಾದುದಕ್ಕಿಂತ ಬಹಳ ಮೊದಲೇ. ಮೆತ್ತನೆಯ ಚರ್ಮದ ಹೊದಿಕೆಯ ಅಡಿಯಲ್ಲಿ ಗಟ್ಟಿಯಾದ ಕಾರ್ಕಿನ ಪದರವೊಂದು ಕುಳಿತಿತ್ತು.

"ಅಪ್ಪಾ, ಅಮ್ಮಂಗೆ ಗೊತ್ತಾಗೋಯ್ತು," ಎಂದಿತು ಹಿಂದಿನಿಂದ ಸಣ್ಣ ದನಿ.

ಗಂಡ ಬೂಟು ಮಾಡುವವನು. ಆಸ್ಪತ್ರೆಯ ಪಕ್ಕದ ಕಾರ್ಖಾನೆಯಲ್ಲಿ, ಹುಟ್ಟಿನಿಂದಲೋ ಅಪಘಾತದಿಂದಲೋ ಒಂದು ಕಾಲು ಗಿಡ್ಡವಾದವರಿಗೆ ಅವನು ಬೂಟು ಕಟ್ಟಿಕೊಡುತ್ತಿದ್ದ. ಹೊರಗಿನಿಂದ ನೋಡಿದರೆ ಎರಡೂ ಬೂಟು ಒಂದೇ. ಒಂದರೊಳಗೆ ಮಾತ್ರ ಕಾರ್ಕಿನ ಎತ್ತರ. ಕುಂಟುತ್ತ ಬಂದವರು ನೆಟ್ಟಗೆ ನಡೆದು ಹೋಗುತ್ತಿದ್ದರು. "ನನ್ನ ಬೂಟು ಹಾಕ್ಕೊಂಡ್ರೆ ಹೆತ್ತ ತಾಯಿಗೂ ಗೊತ್ತಾಗಲ್ಲ," ಎಂಬುದು ಅವನ ಹೆಮ್ಮೆಯ ಮಾತು. ಆ ಹೆಮ್ಮೆ ನ್ಯಾಯವಾದದ್ದೇ ಆಗಿತ್ತು, ಇವತ್ತಿನವರೆಗೆ.

"ಏನ್ರೀ ಇದು?"

"ಎರಡು ಬೆರಳು ಕಣೇ. ಎರಡೇ ಎರಡು ಬೆರಳು." ಅವನು ನಗಲು ನೋಡಿದ. "ಹೋದ ವರ್ಷ ಏನಾಯ್ತು ಅಂತ ಮರೆತೆಯಾ?"

ಅವಳು ಮರೆತಿರಲಿಲ್ಲ. ಹೋದ ಕ್ರಿಸ್‌ಮಸ್ ರಜೆಯಲ್ಲೂ ಅವರು ಈಗ ಹೊರಟಿದ್ದ ಆಟದ ಪಾರ್ಕಿಗೇ ಹೋಗಿದ್ದರು. ರೋಲರ್ ಕೋಸ್ಟರಿನ ಬಾಗಿಲಲ್ಲಿ ಎತ್ತರ ಅಳೆಯುವ ಗೊಂಬೆಯ ಕೈ ಮಗಳ ತಲೆಗೆ ತಾಗಿರಲಿಲ್ಲ, ಅವಳನ್ನು ಒಳಗೆ ಬಿಟ್ಟಿರಲಿಲ್ಲ. ತರಗತಿಯ ಹುಡುಗಿಯರಿಬ್ಬರು ಅದೇ ಸಾಲಿನಲ್ಲಿದ್ದು ನೋಡಿ ನಕ್ಕಿದ್ದರು. ಅಂದಿನಿಂದ ಶಾಲೆಯಲ್ಲಿ ಅವಳ ಹೆಸರು ಚೋಟು. ವರ್ಷವಿಡೀ ಮಗು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಪೆನ್ಸಿಲಿನಿಂದ ಗೆರೆ ಎಳೆಸಿಕೊಳ್ಳುತ್ತಿದ್ದಳು. ಗೆರೆ ಮಾತ್ರ ಹಟ ಹಿಡಿದು ಒಂದೇ ಕಡೆ ಇತ್ತು.

"ಆ ಗೊಂಬೆ ಯಾಕೆ ಇಟ್ಟಿರ್ತಾರೆ ರೀ? ಶೋಕಿಗಾ?"

"ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ ತಮ್ಮ ಮೈ ಉಳಿಸ್ಕೊಳ್ಳೋಕೆ. ಎರಡು ಬೆರಳಿಗೆ ಯಾರ ಜೀವಾನೂ ಹೋಗಲ್ಲ. ನಾನು ಪಕ್ಕದಲ್ಲೇ ಕೂತಿರ್ತೀನಲ್ಲ..."

ಅಷ್ಟರಲ್ಲಿ ಕಾರಿನ ಹಿಂಭಾಗ ಬಲಕ್ಕೆ ಜಾರಿತು. ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆ. ಒಂದು ಕ್ಷಣ ಚಕ್ರಗಳು ಯಾರ ಮಾತನ್ನೂ ಕೇಳಲಿಲ್ಲ. ಎದುರಿನಿಂದ ಬರುತ್ತಿದ್ದ ಲಾರಿಯ ದೀಪಗಳು ದೊಡ್ಡವಾದವು. ಗಂಡ ಉಸಿರು ಬಿಗಿಹಿಡಿದು ಸ್ಟಿಯರಿಂಗ್ ತಿರುಗಿಸಿದ. ಲಾರಿ ಹಾರನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು.

"ಅಯ್ಯೋ, ನಿಧಾನ ಕಣಪ್ಪಾ! ನಿನ್ನ ಆಟದ ರೈಲು ಇನ್ನೂ ಮುಂದಿದೆ, ಇಲ್ಲೇ ಶುರು ಮಾಡ್ಬೇಡ," ಎಂದರು ಅತ್ತೆ.

"ಈಗ ಸುಮ್ನಿರು," ಎಂದ ಗಂಡ, ಹೆಂಡತಿಯತ್ತ ತಿರುಗದೆ. "ರಸ್ತೆ ನೋಡ್ಬೇಕು ನಾನು."

ಅವಳು ಸುಮ್ಮನಾದಳು. ತಪ್ಪು ಆದದ್ದು ಅಲ್ಲಿಯೇ. ಗಂಡ ಗಾಡಿ ಓಡಿಸುವಾಗ ಜಗಳವಾಡಬಾರದು ಎಂದುಕೊಂಡಳು. ಅತ್ತೆಯ ಎದುರು ಅವನ ಮಾನ ಕಳೆಯಬಾರದು ಎಂದುಕೊಂಡಳು. ಮಗುವಿನ ಹಬ್ಬ ಹಾಳು ಮಾಡಬಾರದು ಎಂದುಕೊಂಡಳು. ಹೇಡಿತನಕ್ಕೆ ಇಷ್ಟೊಂದು ಸಭ್ಯವಾದ ಹೆಸರುಗಳಿವೆ! ಒಣಗಿದ ಬೂಟನ್ನು ಅವಳೇ ಹಿಂದಕ್ಕೆ ಕೊಟ್ಟಳು. ಮಗಳು ಹಾಕಿಕೊಂಡಳು.

ಪಾರ್ಕಿನಲ್ಲಿ ಜನ ಕಿಕ್ಕಿರಿದಿದ್ದರು. ಮರಮರಕ್ಕೂ ದೀಪ, ಕಂಬಕಂಬಕ್ಕೂ ಸ್ಪೀಕರ್, ಎಲ್ಲ ಸ್ಪೀಕರುಗಳಿಂದಲೂ ಗಂಟೆ ಬಾರಿಸುವ ಅದೇ ಹಾಡು. ರೋಲರ್ ಕೋಸ್ಟರಿನ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ಅವರು ಅದರಲ್ಲಿ ಹೆಜ್ಜೆಹೆಜ್ಜೆಯಾಗಿ ಸರಿದರು. ಪ್ರತಿ ಐದು ನಿಮಿಷಕ್ಕೊಮ್ಮೆ ತಲೆಯ ಮೇಲೆ ಹಳಿಗಳು ಗುಡುಗುತ್ತಿದ್ದವು, ಚೀರಾಟ ಸುರಿಯುತ್ತಿತ್ತು. ಪ್ರತಿ ಸಲವೂ ತಾಯಿಯ ಕತ್ತು ಭುಜದೊಳಗೆ ಇಳಿಯುತ್ತಿತ್ತು.

"ಏನಮ್ಮ, ಮುಖ ಯಾಕೆ ಹಿಂಡಿದ ಬಟ್ಟೆ ಥರ ಆಗಿದೆ?" ಎಂದು ಅತ್ತೆ ಕೇಳಿದರು.

"ಚಳಿ ಅತ್ತೆ."

ಬಾಗಿಲಲ್ಲಿ ಕೈ ಚಾಚಿ ನಿಂತ ಮರದ ಗೊಂಬೆ. ಅದರ ಪಕ್ಕ ಕೆಂಪು ಟೋಪಿಯ ಟಿಕೆಟ್ಟಿನವಳು. "ಟೋಪಿ ತೆಗಿ ಪುಟ್ಟಾ. ನೆಟ್ಟಗೆ ನಿಲ್ಲು." ಗೊಂಬೆಯ ಕೈ ಮಗಳ ಕೂದಲಿಗೆ ತಾಗಿತು. "ಸರಿ, ಹೋಗು. ಬೂಟು ಜೋರಾಗಿದೆಯಲ್ಲ!"

"ನಮ್ಮಪ್ಪ ಮಾಡಿದ್ದು," ಎಂದಳು ಮಗಳು. ಮುಖ ದೀಪದಂತೆ ಹೊಳೆಯುತ್ತಿತ್ತು.

ತಾಯಿ ಬಾಯಿ ತೆರೆದಳು. ಹಿಂದಿದ್ದವರು ನೂಕಿದರು. ಗಂಡ ಮಗಳ ಕೈ ಹಿಡಿದು ಒಳಗೆ ನಡೆದುಬಿಟ್ಟಿದ್ದ. ಅವಳು ಬಾಯಿ ಮುಚ್ಚಿ, ಕೂರದವರು ನಿಲ್ಲುವ ಕಟಕಟೆಯ ಬಳಿಗೆ ಅತ್ತೆಯನ್ನು ಕರೆದುಕೊಂಡು ಬಂದಳು.

ಅಲ್ಲಿಂದ ಸೀಟುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಇಬ್ಬರಿಗೆ ಒಂದು ಸೀಟು. ಇಬ್ಬರ ತೊಡೆಗೂ ಒಂದೇ ಕಬ್ಬಿಣದ ಸರಳು. ಸರಳು ಕೆಳಗಿಳಿಯಿತು. ಗಂಡನ ದಪ್ಪ ಕೋಟು ಮತ್ತು ಹೊಟ್ಟೆಗೆ ತಾಗಿ ನಿಂತಿತು. ಕೆಲಸದವನು ಗಂಡನ ಕಡೆಯಿಂದ ಒಮ್ಮೆ ಜಗ್ಗಿ ನೋಡಿ ಮುಂದಿನ ಸೀಟಿಗೆ ಹೋದ. ಮಗಳ ತೊಡೆಗೂ ಸರಳಿಗೂ ನಡುವೆ ಗಾಳಿ. ದರ್ಜಿಯ ಕಣ್ಣು ಅಳೆಯಿತು: ಒಂದು ಗೇಣು.

ಆಗ ಅವಳಿಗೆ ಅರ್ಥವಾಯಿತು. ಬೂಟು ನಿಂತವರನ್ನು ಎತ್ತರ ಮಾಡುತ್ತದೆ, ಕೂತವರನ್ನು ಮಾಡುವುದಿಲ್ಲ. ಸೊಂಟ ಅದೇ, ತೊಡೆ ಅದೇ. ಆ ಅಳತೆಗಳು ಅವಳಿಗೆ ಬಾಯಿಪಾಠ.

ರೈಲು ಕದಲಿತು. ಸರಪಳಿ ಟಕಟಕ ಎನ್ನುತ್ತ ಅದನ್ನು ದಿಣ್ಣೆಯ ಮೇಲಕ್ಕೆ ಎಳೆಯತೊಡಗಿತು.

"ನಿಲ್ಸಿ!" ಎಂದು ಅವಳು ಕೂಗಿದಳು. ಹಾಡು ಆ ಕೂಗನ್ನು ನುಂಗಿತು. ಅವಳು ಕಟಕಟೆಯುದ್ದಕ್ಕೂ ಓಡಿದಳು, ಮಂಜಿನ ಮೇಲೆ ಜಾರಿ ಮೊಣಕಾಲೂರಿದಳು, ಎದ್ದಳು, ಗಾಜಿನ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಒಳಗೆ ಗುಂಡಿಗಳ ಮುಂದೆ ಕುಳಿತಿದ್ದ ನರೆಮೀಸೆಯ ಚಾಲಕ ಬಾಗಿಲು ತೆರೆದ.

"ನಿಲ್ಸಿ, ನನ್ನ ಮಗಳಿದ್ದಾಳೆ!"

"ಎಲ್ಲ ಅಮ್ಮಂದಿರೂ ಹೀಗೇ ಅಂತಾರೆ ತಾಯಿ. ಎರಡು ನಿಮಿಷ ಕಣ್ಣು ಮುಚ್ಕೊಳ್ಳಿ, ಬಂದುಬಿಡ್ತಾಳೆ."

ಟಕ, ಟಕ, ಟಕ. ರೈಲು ಅರ್ಧಕ್ಕಿಂತ ಮೇಲೆ ಹೋಗಿತ್ತು. ಬರೀ ಭಯವನ್ನು ಇವನು ಕೇಳುವುದಿಲ್ಲ, ಸತ್ಯವನ್ನೇ ಹೇಳಬೇಕು. ಸಾಲಿನಲ್ಲಿದ್ದವರೆಲ್ಲ ಇವಳತ್ತ ತಿರುಗಿದ್ದರು.

"ಅವಳು ಗಿಡ್ಡ! ಬೂಟಿನೊಳಗೆ ಕಾರ್ಕ್ ಇಟ್ಟಿದ್ದೀವಿ! ನಿಮ್ಮ ಗೊಂಬೆಗೆ ಮೋಸ ಮಾಡಿದೀವಿ! ಸರಳು ಅವಳಿಗೆ ತಾಗ್ತಾನೇ ಇಲ್ಲ!"

ಚಾಲಕನ ಮುಖದಿಂದ ನಗು ಒರೆಸಿಹೋಯಿತು. ಅವನ ಅಂಗೈ ಕೆಂಪು ಗುಂಡಿಯ ಮೇಲೆ ಬಿತ್ತು. ರೈಲು ಒಮ್ಮೆ ಜಗ್ಗಿ ನಿಂತಿತು. ತುದಿಗೆ ಇನ್ನು ನಾಲ್ಕು ಮಾರು ಉಳಿದಿತ್ತು. ಅದರಾಚೆ ಹಳಿ ಕಣ್ಣಿಗೆ ಕಾಣದಂತೆ ಕೆಳಕ್ಕೆ ಬಿದ್ದಿತ್ತು.

"ಅವರಿಬ್ಬರನ್ನ ನಡೆಸ್ಕೊಂಡೇ ಇಳಿಸ್ಬೇಕು," ಎಂದು ಚಾಲಕ ಫೋನಿನಲ್ಲಿ ಹೇಳಿದ.

ಹಳಿಯ ಪಕ್ಕದಲ್ಲಿ ಕಬ್ಬಿಣದ ಜಾಲರಿಯ ಕಡಿದಾದ ಮೆಟ್ಟಿಲು. ಕೆಲಸದವನೊಬ್ಬ ಅದನ್ನು ಹತ್ತಿಹೋಗಿ ಬೀಗದ ಕೈಯಿಂದ ಸರಳನ್ನು ಬಿಡಿಸಿದ. ಮಗಳು ಹೊರಗೆ ಕಾಲಿಟ್ಟಳು. ಒಂದು ಮೆಟ್ಟಿಲು ಇಳಿದಳು. ಎರಡನೆಯದರಲ್ಲಿ ಹಿಮ್ಮಡಿ ತಿರುಚಿಕೊಂಡು, ಕಂಬಿಯ ಮೇಲೆ ಬಿದ್ದಳು. ಕೆಳಗೆ ಅತ್ತೆ, "ಅಯ್ಯಯ್ಯೋ!" ಎಂದು ಸೊಸೆಯ ತೋಳನ್ನು ಉಗುರು ನಾಟುವಂತೆ ಹಿಡಿದರು. ಕಾರ್ಕಿನ ಮೇಲೆ ನಿಲ್ಲಬಹುದಿತ್ತು, ಇಳಿಯುವಂತಿರಲಿಲ್ಲ.

ಆ ಎತ್ತರದಲ್ಲಿ, ಆ ಗಾಳಿಯಲ್ಲಿ ಅಪ್ಪ ಮಂಡಿಯೂರಿದ. ಮಗಳ ಬೂಟಿನ ದಾರ ಬಿಚ್ಚಿದ. ಎರಡೂ ಬೂಟುಗಳನ್ನು ಕಂಕುಳಲ್ಲಿ ಇರುಕಿಕೊಂಡು, ಅವಳ ಕೋಟಿನ ಕಾಲರನ್ನು ಹಿಂದಿನಿಂದ ಹಿಡಿದ. ಮಗು ಬರೀ ಕಾಲುಚೀಲದಲ್ಲಿ, ಮಂಜು ಕಟ್ಟಿದ ಜಾಲರಿಯ ಮೇಲೆ, ಒಂದೊಂದೇ ಮೆಟ್ಟಿಲು ಇಳಿಯತೊಡಗಿತು.

ಆ ಕಾಲರನ್ನು ಹೊಲಿದದ್ದು ತಾಯಿಯೇ. ಎರಡು ಸಲ ಹೊಲಿಗೆ ಹಾಕಿದ್ದೆನೇ, ಒಂದೇ ಸಲವೇ? ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅಂಗಡಿಯ ಮೇಜು ನೆನಪಾಯಿತು, ದಾರದ ಬಣ್ಣ ನೆನಪಾಯಿತು, ಹೊಲಿಗೆ ಮಾತ್ರ ನೆನಪಾಗಲಿಲ್ಲ.

"ಯಾರಪ್ಪಾ ಅದು, ಪುಕ್ಕಲ!" ಎಂದು ಸಾಲಿನಿಂದ ಯಾರೋ ಕೂಗಿದರು. "ನಮ್ಮ ಸರದಿಗೇ ಹೀಗಾಗ್ಬೇಕಾ?"

ಚಾಲಕ ಮೆಟ್ಟಿಲಿನಿಂದ ಕಣ್ಣು ತೆಗೆಯದೆ ಕೇಳಿದ: "ಬೂಟಿನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?"

ಈಗಷ್ಟೇ ಎನ್ನಬಹುದಿತ್ತು. ಅವನು ನಂಬುತ್ತಿದ್ದ.

"ಬೆಳಿಗ್ಗೆ. ಎಂಟು ಗಂಟೆಗೆ."

ಅವನು ಗೋಡೆಯ ಗಡಿಯಾರ ನೋಡಿದ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮತ್ತೆ ಮೆಟ್ಟಿಲಿನತ್ತ ತಿರುಗಿದ. ಬೈದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಕೊನೆಯ ಮೆಟ್ಟಿಲು ಇಳಿದ ಮಗಳನ್ನು ತಾಯಿ ಬಾಚಿ ತಬ್ಬಿಕೊಂಡಳು. ಮಗಳು ಅವಳ ಎದೆಯನ್ನು ಎರಡೂ ಕೈಯಿಂದ ತಳ್ಳಿದಳು.

"ನೀನೇ ಹೇಳಿದ್ದಾ?"

"ಹೂಂ, ನಾನೇ."

"ಎಲ್ರೂ ನೋಡಿದ್ರು."

"ನೋಡ್ಲಿ. ಬೆಳಿಗ್ಗೇನೇ ಹೇಳ್ಬೇಕಿತ್ತು ನಾನು. ಹೇಳ್ಲಿಲ್ಲ. ತಪ್ಪು ನಂದು."

ಮಗಳು ಅತ್ತಳು. ಅಳು ಸ್ವಲ್ಪ ಇಳಿದ ಮೇಲೆ, ತಾಯಿಯ ಕತ್ತಿನ ಬಳಿ ಮುಖವಿಟ್ಟು, ಯಾರಿಗೂ ಕೇಳಿಸದಂತೆ ಹೇಳಿದಳು: "ಸರಳು ನಂಗೆ ತಾಗ್ತಿರ್ಲಿಲ್ಲಮ್ಮ. ರೈಲು ಹೊರಡೋಕೆ ಮುಂಚೇನೇ ಅಪ್ಪಂಗೆ ಹೇಳ್ದೆ. ಅಪ್ಪ ಕೈ ಅಡ್ಡ ಇಟ್ರು."

ತಾಯಿ ತಲೆಯೆತ್ತಿ ಗಂಡನನ್ನು ನೋಡಿದಳು. ಹಾಗಾದರೆ ಅವನಿಗೂ ಸರಳು ಇಳಿದ ಕ್ಷಣದಲ್ಲೇ ಗೊತ್ತಾಗಿತ್ತು. ರೈಲು ಇನ್ನೂ ಕದಲಿರಲಿಲ್ಲ. ಕೈ ಎತ್ತಿ ಒಂದು ಮಾತು ಕೂಗಿದ್ದರೆ ಸಾಕಿತ್ತು. ಅವನೂ ನಾಚಿಕೆಗೆ ಹೆದರಿ ಸುಮ್ಮನೆ ಕುಳಿತಿದ್ದ, ಮಗಳ ಜೀವಕ್ಕೆ ಒಂದು ಕೈಯನ್ನು ಅಡ್ಡ ಹಿಡಿದು.

ಅವನು ಕಟಕಟೆಯ ಪಕ್ಕದ ಬೆಂಚಿನ ಮೇಲೆ ಕುಸಿದಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಅತ್ತೆ ಮೊದಲ ಬಾರಿಗೆ ಯಾವ ತಮಾಷೆಯನ್ನೂ ಮಾಡದೆ, ತಮ್ಮ ಮಫ್ಲರ್ ಬಿಚ್ಚಿ ಸೊಸೆಗೆ ಕೊಟ್ಟರು. ತಾಯಿ ಅದನ್ನು ಮಗಳ ಒದ್ದೆ ಪಾದಗಳಿಗೆ ಸುತ್ತಿದಳು.

"ಆ ಕಾರ್ಕ್ ತೆಗೀರಿ," ಎಂದಳು ಗಂಡನಿಗೆ. "ಅವಳು ನಡೆದುಕೊಂಡು ಕಾರಿಗೆ ಹೋಗ್ಬೇಕು."

ಅವನು ಬೂಟಿನೊಳಗೆ ಕೈ ಹಾಕಿದ. ಬೆರಳುಗಳಿಂದ ಕಾರ್ಕಿನ ಅಂಚನ್ನು ಹುಡುಕಿ ಕಿತ್ತ, ಉಗುರಿನಿಂದ ಕೆರೆದ, ಹಲ್ಲು ಕಚ್ಚಿ ಎಳೆದ. ಉಗುರಿನ ಸಂದಿಯಲ್ಲಿ ರಕ್ತ ಬಂತು. ಕಾರ್ಕು ಕದಲಲಿಲ್ಲ, ಅವನು ಅದನ್ನು ಅಷ್ಟು ಚೆನ್ನಾಗಿ ಅಂಟಿಸಿದ್ದ. ತಲೆಯ ಮೇಲೆ ಹಳಿಗಳು ಮತ್ತೆ ಗುಡುಗಿದವು. ಮಗಳು ಬೆಚ್ಚಿ ತಾಯಿಯ ಕೋಟನ್ನು ಹಿಡಿದುಕೊಂಡಳು. ಕಾರಿನವರೆಗೂ ಆ ಹಿಡಿತವನ್ನು ಬಿಡಲಿಲ್ಲ. ತಾಯಿ ಅವಳನ್ನು ಎತ್ತಿಕೊಂಡೇ ನಡೆದಳು.