ನಾಲ್ಕನೆಯ ಸಾಲು

ಅಕ್ಕನ ಪುಸ್ತಕದ ಕರಡು ನನ್ನ ಮೇಜಿಗೆ ಬಂದಾಗ ಕಾಗುಣಿತಕ್ಕೂ ಮೊದಲು ನಾನು ಹುಡುಕಿದ್ದು ನನ್ನನ್ನು. ಇನ್ನೂರ ಹನ್ನೆರಡು ಪುಟಗಳಲ್ಲಿ ಒಂಬತ್ತು ಕಡೆ ಇದ್ದೆ. ಎರಡು ಕಡೆ ಅಳುತ್ತಿದ್ದೆ, ಒಂದು ಕಡೆ ನೀರು ಕೇಳುತ್ತಿದ್ದೆ, ಉಳಿದ ಕಡೆಯೆಲ್ಲ ನಿದ್ದೆ ಹೋಗಿದ್ದೆ.

ಇಪ್ಪತ್ತೆರಡು ವರ್ಷಗಳ ಕೆಳಗೆ ಒಂದು ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಯ ಹೊತ್ತಿಗೆ ಬರೀ ಬ್ಯಾಂಡಿನ ಸದ್ದು ಬಂತು. ಮಧ್ಯಾಹ್ನದೊಳಗೆ ಸರ್ಕಾರ ಬೇರೆಯಾಗಿತ್ತು. ಆ ವಾರವೇ ಶಾಲೆಯ ಮೇಷ್ಟ್ರುಗಳನ್ನು ವಿಚಾರಣೆಗೆಂದು ಕರೆದೊಯ್ದರು. ಮೇಷ್ಟ್ರಾಗಿದ್ದ ಅಪ್ಪನೂ ಹೋದರು, ತಿರುಗಿ ಬರಲಿಲ್ಲ. ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು, ಈರುಳ್ಳಿ ತುಂಬಿದ ಲಾರಿಯೊಂದರಲ್ಲಿ ಮೂಟೆಗಳ ಸಂದಿಯಲ್ಲಿ ಅಡಗಿ ಗಡಿಗೆ ಹೊರಟಳು. ಒಂಬತ್ತು ದಿನದ ದಾರಿ. ಅಕ್ಕನಿಗೆ ಆಗ ಹದಿನೇಳು, ನನಗೆ ಹದಿಮೂರು.

ಗಡಿ ದಾಟಿದ ಮೇಲೆ ಅಕ್ಕ ಓದಿದಳು, ಬರೆದಳು. ಯಾವ ದೇಶದಲ್ಲಿ ಸರ್ಕಾರ ಬಿದ್ದರೂ ಚೀಲ ಹೆಗಲಿಗೇರಿಸಿ ಅಲ್ಲಿಗೆ ಹೋದಳು. ಮುಚ್ಚಿದ ಅಂಗಡಿಗಳ ಬಗ್ಗೆ, ಕೆಡವಿದ ಪ್ರತಿಮೆಗಳ ಬಗ್ಗೆ, ರಾತ್ರೋರಾತ್ರಿ ಹೆಸರು ಬದಲಾದ ಬೀದಿಗಳ ಬಗ್ಗೆ ಅವಳ ಪ್ರಬಂಧಗಳನ್ನು ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನಾನು ಹದಿನೈದು ವರ್ಷದಿಂದ ಒಂದೇ ಮುದ್ರಣಾಲಯದಲ್ಲಿ, ಒಂದೇ ಕಿಟಕಿಯ ಪಕ್ಕ, ದಿಂಬು ಸವೆದ ಒಂದೇ ಸ್ಟೂಲಿನ ಮೇಲೆ ಕೂತು ಕಂಡವರ ತಪ್ಪು ತಿದ್ದುತ್ತಿದ್ದೇನೆ.

ಇದು ಮೊದಲಿನಿಂದಲೂ ಹೀಗೇ. ಅಪ್ಪ ಬೆಳಗಿನ ಜಾವ ಪ್ರಾರ್ಥನೆಗೆ ಕೂತು ತಾವೇ ಕಟ್ಟಿದ ಪದ್ಯಗಳನ್ನು ಹೇಳುತ್ತಿದ್ದರು. ಮೂರು ಸಾಲು ಹೇಳಿ ನಿಲ್ಲಿಸುವರು. ನಾಲ್ಕನೆಯದನ್ನು ನಾವು ಹೇಳಬೇಕು. ಅಕ್ಕ ಮರೆತರೆ ತಾನೇ ಒಂದು ಸಾಲು ಹೊಸೆದು ಸೇರಿಸುವಳು. ಎಲ್ಲರೂ ನಕ್ಕು ಅವಳ ಬೆನ್ನು ತಟ್ಟುವರು. ನಾನು ಅಕ್ಷರ ತಪ್ಪದೆ ಹೇಳಿದರೆ ಅಪ್ಪ “ಹೂಂ” ಎಂದು ಮುಂದಿನ ಪದ್ಯಕ್ಕೆ ಹೋಗುವರು. “ದೊಡ್ಡವಳಿಗೆ ನಾಲಿಗೆ, ಚಿಕ್ಕವಳಿಗೆ ಕಿವಿ” ಎನ್ನುತ್ತಿದ್ದರು. ನಾಲಿಗೆಯನ್ನು ಲೋಕವೇ ಹೊಗಳುತ್ತದೆ. ಕಿವಿಯನ್ನು ಯಾರು ಹೊಗಳುತ್ತಾರೆ? ಓಲೆ ಹಾಕಿದರೆ ಓಲೆಯನ್ನು ಹೊಗಳುತ್ತಾರೆ.

ಆದರೂ ಆ ಒಂಬತ್ತು ದಿನದಲ್ಲಿ ನನ್ನದು ಎನ್ನುವುದು ಒಂದಿತ್ತು. ಮೂರನೆಯ ತನಿಖೆ ಠಾಣೆ. ಅಮ್ಮ ಜ್ವರ ಏರಿ ನರಳುತ್ತಿದ್ದಳು. ಹೊರಗೆ ಸಿಪಾಯಿಗಳು ಬಡಿಗೆಯಿಂದ ಮೂಟೆ ತಿವಿಯುತ್ತ ಬರುತ್ತಿದ್ದರು. ಅಮ್ಮ “ಪುಟ್ಟೀ” ಎಂದು ಕರೆದಳು. ನಾನು ಮೂಟೆಗಳ ಆಚೆಯಿಂದ ತೆವಳಿ ಬಂದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ಬಾಯಿ ಹಚ್ಚಿ ಅಪ್ಪನ ಪದ್ಯಗಳನ್ನು ಉಸಿರಿನಲ್ಲೇ ಹೇಳಿದೆ. ಅಮ್ಮ ಸುಮ್ಮನಾದಳು. ಲಾರಿ ಮುಂದಕ್ಕೆ ಹೋಯಿತು.

ಅಕ್ಕನ ಆರನೆಯ ಅಧ್ಯಾಯದಲ್ಲಿ ಹೀಗಿತ್ತು: ‘ನಾನು ಅಮ್ಮನ ಕಿವಿಗೆ ಬಾಯಿ ಹಚ್ಚಿ ಅಪ್ಪನ ಪದ್ಯಗಳನ್ನು ಹೇಳಿದೆ. ತಂಗಿ ನಿದ್ದೆಯಲ್ಲಿದ್ದಳು.’

ನನ್ನ ಕೈಯ ಪೆನ್ಸಿಲ್ ಅಲ್ಲೇ ನಿಂತಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಕಟ್ಟಿದವರು ಸುಮ್ಮನೆ ಕಟ್ಟಲಿಲ್ಲ. ಅದು ಹೊಟ್ಟೆಯಲ್ಲೇ, ಹೊಕ್ಕುಳಿನ ಒಂದು ಗೇಣು ಮೇಲೆ ಉರಿಯುತ್ತದೆ. ಲೋಕವನ್ನೆಲ್ಲ ಬಿಟ್ಟುಕೊಟ್ಟಿದ್ದೆನಲ್ಲ ಇವಳಿಗೆ, ಇದೊಂದನ್ನು ನನಗೆ ಬಿಡಬಾರದಿತ್ತೇ?

ಪುಟ ತಿರುವಿದೆ. ಅಲ್ಲಿ ಅಪ್ಪನ ಪದ್ಯವಿತ್ತು:

ಒಡೆಯ ನೀ ಕೊಟ್ಟ ಮನೆ ಬಾಗಿಲನು ಹಾಕದೆಯೆ
ನಡೆಯುತಿಹೆ, ಬೀಗದಲಿ ನಂಬಿಕೆಯು ನನಗಿಲ್ಲ;
ಕಡಲಾಚೆ ದಡವಿರಲಿ ಇರದಿರಲಿ ಚಿಂತಿಸೆನು

ಕೆಳಗೆ ಅಕ್ಕ ಬರೆದಿದ್ದಳು: ‘ಅಪ್ಪ ಇಷ್ಟಕ್ಕೇ ನಿಲ್ಲಿಸಿದ್ದರು. ಮುಂದೇನು ಎಂಬುದು ಅವರಿಗೂ ತಿಳಿದಿರಲಿಲ್ಲ.’

ಸುಳ್ಳು. ಅಪ್ಪ ನಾಲ್ಕನೆಯ ಸಾಲಿಲ್ಲದ ಪದ್ಯವನ್ನು ಒಂದನ್ನೂ ಕಟ್ಟಲಿಲ್ಲ. ಆದರೆ ಪದ್ಯಗಳ ಪುಸ್ತಕವನ್ನು ಅಮ್ಮ ಮೊದಲನೆಯ ಠಾಣೆಗೆ ಮುಂಚೆಯೇ ಕಾಲುವೆಗೆ ಹಾಕಿದ್ದಳು; ಹಿಡಿದರೂ ಬಿಟ್ಟಾರು, ಮೇಷ್ಟ್ರ ಕೈಬರಹ ಕಂಡರೆ ಬಿಡುತ್ತಿರಲಿಲ್ಲ. ಅಮ್ಮನೂ ಈಗಿಲ್ಲ. ಆ ಸಾಲು ಇರುವುದು ನನ್ನ ತಲೆಯಲ್ಲಿ ಮಾತ್ರ. ಅಲ್ಲೇ ಇರಲಿ ಎಂದುಕೊಂಡೆ. ನನ್ನ ರಾತ್ರಿಯನ್ನು ಹೊತ್ತುಕೊಂಡು ಹೋದವಳು ಪದ್ಯವನ್ನೂ ಕುಂಟುತ್ತಲೇ ಹೊತ್ತುಕೊಂಡು ಹೋಗಲಿ.

ಆ ವಾರ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಆ ಪದ್ಯ ಬಂದಾಗಲೆಲ್ಲ ನಾಲ್ಕನೆಯ ಸಾಲನ್ನು ತುಟಿ ಅಲುಗಿಸದೆ ಹೇಳಿದೆ, ಗೋಡೆ ಕದ್ದೀತು ಎಂಬಂತೆ. ಅಪ್ಪನ ಸಾಲನ್ನು ಬಚ್ಚಿಟ್ಟು ಅಪ್ಪನ ದೇವರ ಮುಂದೆ ಕೂರುವುದು ಸುಲಭವಲ್ಲ. ಆದರೂ ಕೂತೆ.

ನಮ್ಮ ಮುದ್ರಣಾಲಯದ ಯಜಮಾನರದು ಹಳೆಯ ಪದ್ಧತಿ. ಎಷ್ಟೇ ಕಂಪ್ಯೂಟರು ಬಂದರೂ ಕೊನೆಯ ಕರಡನ್ನು ಇಬ್ಬರು ಕೂತು ನೋಡಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಕೇಳುತ್ತ ಕರಡಿನಲ್ಲಿ ಬೆರಳೋಡಿಸುವುದು. ನಮ್ಮ ಓದುವವನಿಗೆ ಗಂಟಲು ಕಟ್ಟಿತ್ತು. ಯಜಮಾನರು ಅಕ್ಕನಿಗೇ ಫೋನ್ ಮಾಡಿದರು.

“ಬರೆದವರೇ ಬಂದು ಓದ್ಬಿಡಿ ಅಮ್ಮಾ. ಆಮೇಲೆ ತಪ್ಪು ಉಳಿದ್ರೆ ನಮ್ಮ ತಲೆ ಮೇಲೆ ಬರಲ್ಲ, ನಿಮ್ಮ ಮನೇಲೇ ಹಂಚ್ಕೊಳ್ಳಿ!”

ಅಕ್ಕ ಬಂದಳು. ಎದುರಿಗೆ ಕೂತು ನನ್ನ ಸ್ಟೂಲನ್ನು ನೋಡಿದಳು.

“ಇನ್ನೂ ಇದರ ಮೇಲೇ ಕೂರ್ತೀಯೇನೇ? ಬೆನ್ನು ಹೋಗುತ್ತೆ ಕಣೇ.”

“ಅಭ್ಯಾಸ ಆಗಿದೆ. ಓದು.”

ಅವಳು ಓದತೊಡಗಿದಳು. “ಲಾರಿಯ ಟಾರ್ಪಾಲಿನಲ್ಲಿ ಒಂದು ತೂತಿತ್ತು, ಅಲ್ಪವಿರಾಮ, ಅದರಿಂದ ನಮಗೆ ಹಗಲು ತಿಳಿಯುತ್ತಿತ್ತು, ಪೂರ್ಣವಿರಾಮ.” ಯಜಮಾನರು ಬಾಗಿಲಲ್ಲಿ ನಿಂತು ಕೇಳಿ, “ಆಹಾ, ವಿರಾಮಗಳೂ ಎಷ್ಟು ಚೆನ್ನಾಗಿ ಕೇಳ್ತವೆ ಇವರ ಬಾಯಲ್ಲಿ!” ಎಂದರು. ಹದಿನೈದು ವರ್ಷದಲ್ಲಿ ನನ್ನ ಒಂದು ವಿರಾಮವನ್ನೂ ಅವರು ಹೊಗಳಿರಲಿಲ್ಲ.

ಆರನೆಯ ಅಧ್ಯಾಯ ಬಂತು. ‘ತಂಗಿ ನಿದ್ದೆಯಲ್ಲಿದ್ದಳು’ ಎಂಬುದನ್ನು ಅಕ್ಕ ಸ್ವಲ್ಪ ಬೇಗ ಓದಿದಳು. ನಾನು ತಲೆ ಎತ್ತಲಿಲ್ಲ. ಪದ್ಯಕ್ಕೆ ಬಂದಾಗ ಅವಳಿಗೆ ಅರಿವಿಲ್ಲದೆಯೇ ದನಿ ಅಪ್ಪನ ಧಾಟಿಗೆ ತಿರುಗಿತು. ಒಂದು ಸಾಲು, ಎರಡು ಸಾಲು, “ಕಡಲಾಚೆ ದಡವಿರಲಿ ಇರದಿರಲಿ ಚಿಂತಿಸೆನು...” ಅಪ್ಪ ನಿಲ್ಲಿಸುತ್ತಿದ್ದ ಹಾಗೆಯೇ ನಿಲ್ಲಿಸಿದಳು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. “ಅಡಿಯಿಟ್ಟ...” ಎಂದಿತು. ಗಬಕ್ಕನೆ ತುಟಿ ಕಚ್ಚಿಕೊಂಡೆ.

ಅಕ್ಕ ಹಾಳೆಗಳನ್ನು ಮೇಜಿನ ಮೇಲಿಟ್ಟಳು. “ಅಡಿಯಿಟ್ಟ... ಮುಂದೆ?”

“ಪೂರ್ಣವಿರಾಮ,” ಎಂದೆ. “ಅಪ್ಪ ಇಷ್ಟಕ್ಕೇ ನಿಲ್ಲಿಸಿದ್ರಲ್ಲ. ನೀನೇ ಬರೆದಿದ್ದೀಯ.”

“ಹೇಳೇ.”

“ನಿದ್ದೆಯಲ್ಲಿದ್ದೆ ನಾನು. ನಿದ್ದೆ ಮಾಡೋರಿಗೆ ಪದ್ಯ ಹೆಂಗೆ ಗೊತ್ತಿರುತ್ತೆ?”

ಒಳಗಡೆ ಯಂತ್ರ ಓಡುತ್ತಿತ್ತು. ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿತ್ತು. ಅಕ್ಕ ಅದನ್ನು ಹಿಡಿದು ನಿಲ್ಲಿಸಿದಳು.

“ಆವತ್ತು ಮೊದಲು ಹೇಳೋಕೆ ಹೋದವಳು ನಾನೇ ಕಣೇ. ಇದೇ ಪದ್ಯ. ಮೂರು ಸಾಲು ಹೇಳ್ದೆ, ನಾಲ್ಕನೇದು ಬರಲೇ ಇಲ್ಲ. ನಾಲಿಗೆ ಒಣಗಿಹೋಯ್ತು. ಮನೇಲಾಗಿದ್ರೆ ಏನಾದ್ರೂ ಹೊಸೀತಿದ್ದೆ. ಅಮ್ಮ ಇನ್ನೂ ಜೋರಾಗಿ ನರಳಿದ್ಲು. ನನ್ನ ಕೈ ತಳ್ಳಿ ನಿನ್ನ ಕರೆದ್ಲು.”

ನನಗೆ ಇದು ಗೊತ್ತಿರಲಿಲ್ಲ. ಮೂಟೆಗಳ ಆಚೆ ನನಗೆ ಕೇಳಿದ್ದು ಆ ಕರೆಯಷ್ಟೇ.

“ಸಾಯೋವರೆಗೂ ಅಮ್ಮ ಎಲ್ಲರಿಗೂ ಹೇಳ್ತಿದ್ದದ್ದು ಏನು? ‘ಪುಟ್ಟಿಯಿಂದ ಉಳ್ಕೊಂಡ್ವಿ’ ಅಂತ. ನಾನು ಎಷ್ಟು ದೇಶ ಸುತ್ತಿ ಬಂದ್ರೂ ಬಾಗಿಲಲ್ಲಿ ಚಪ್ಪಲಿ ಬಿಡೋಷ್ಟರಲ್ಲಿ ಅದೇ ಮಾತು. ಕೇಳಿ ಕೇಳಿ ನನಗೆ ಸಾಕಾಗಿತ್ತು. ಬರೆಯುವಾಗ ಕೈ ತಾನಾಗೇ ‘ನಾನು’ ಅಂತ ಬರೀತು. ಚೆನ್ನಾಗಿತ್ತು. ಬಿಟ್ಟೆ.”

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ, ದೇವರು ಕ್ಷಮಿಸಲಿ. ಇಪ್ಪತ್ತೆರಡು ವರ್ಷ ಈ ಅಕ್ಕ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದಾಳೆ! ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

“ಸಾಲು ಬೇಕಾದ್ರೆ ಮೊದಲು ಅದನ್ನ ತಿದ್ದು,” ಎಂದು ಪೆನ್ಸಿಲ್ಲನ್ನು ಅವಳ ಕಡೆಗೆ ಉರುಳಿಸಿದೆ.

“ತಿದ್ದೋದು ನಿನ್ನ ಕೆಲಸ ಅಲ್ವೇ?”

“ಅಚ್ಚಿನ ತಪ್ಪು ನನ್ನದು. ಇದು ನಿನ್ನದು.”

ಅಕ್ಕ ಕರಡಿನ ಅಂಚಿನಲ್ಲೇ ಬರೆದಳು. ತಾನು ಮೂರು ಸಾಲಿಗೆ ನಿಂತದ್ದು, ಅಮ್ಮ ಕೈ ತಳ್ಳಿದ್ದು, ತಂಗಿ ಕತ್ತಲೆಯಲ್ಲಿ ತೆವಳಿ ಬಂದದ್ದು. ಹತ್ತು ನಿಮಿಷವೂ ಹಿಡಿಯಲಿಲ್ಲ. ನಾನು ಓದಿದೆ. ಇಡೀ ಪುಸ್ತಕದಲ್ಲಿ ಅಷ್ಟು ಚೆನ್ನಾದ ಪುಟ ಇನ್ನೊಂದಿರಲಿಲ್ಲ. ನನ್ನದನ್ನು ನನಗೆ ಹಿಂದಿರುಗಿಸಿದ ಮಾತುಗಳೂ ಅವಳವೇ. ಆರಿತ್ತೆಂದುಕೊಂಡ ಕಿಚ್ಚು ಮತ್ತೆ ಹೊಕ್ಕುಳಿನ ಮೇಲೆ ಮಿಣಕ್ಕೆಂದಿತು. ಒಂದು ಅಲ್ಪವಿರಾಮ ಬಿಟ್ಟಿದ್ದಳು. ಹಾಕಿದೆ, ಸ್ವಲ್ಪ ಒತ್ತಿಯೇ ಹಾಕಿದೆ. ಆಮೇಲೆ ಪದ್ಯದ ಕೆಳಗೆ ನನ್ನ ಕೈಯಿಂದ ನಾಲ್ಕನೆಯ ಸಾಲನ್ನು ಬರೆದು, ‘ಅಪ್ಪ ಇಷ್ಟಕ್ಕೇ ನಿಲ್ಲಿಸಿದ್ದರು’ ಎಂಬುದನ್ನೂ ಅದರ ಮುಂದಿನ ವಾಕ್ಯವನ್ನೂ ಹೊಡೆದುಹಾಕಿದೆ.

ಪುಸ್ತಕ ಬಂದ ತಿಂಗಳಲ್ಲೇ ಎರಡು ಪತ್ರಿಕೆಗಳು ಆರನೆಯ ಅಧ್ಯಾಯವನ್ನು ಕೊಂಡಾಡಿದವು. ಸೋತ ಗಳಿಗೆಯನ್ನು ಒಪ್ಪಿಕೊಂಡು ತಂಗಿಗೆ ಹಿರಿಮೆ ಬಿಟ್ಟುಕೊಟ್ಟ ಲೇಖಕಿಯದು ಎಷ್ಟು ದೊಡ್ಡ ಮನಸ್ಸು ಎಂದು ಒಬ್ಬರು ಬರೆದರು. ಯಜಮಾನರು ಅದನ್ನು ನನ್ನೆದುರಿಗೇ ಎರಡು ಸಲ ಓದಿದರು. ನೋಡಿದಿರಾ, ಅದರ ಹೊಗಳಿಕೆಯೂ ಅವಳಿಗೇ.

ಬಿಡುಗಡೆಯ ಸಮಾರಂಭ ನಡೆದದ್ದು ಆಮೇಲೆ; ಅವತ್ತು ಸಭಾಂಗಣ ತುಂಬಿತ್ತು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅಕ್ಕ ಎದ್ದು ನಿಂತು ಪುಸ್ತಕ ತೆರೆಯದೆ ಪದ್ಯ ಹೇಳತೊಡಗಿದಳು. ಮೂರು ಸಾಲು ಮುಗಿಸಿ ನಿಂತಳು. ನಾಲ್ಕನೆಯದು ಈಗ ಅವಳಿಗೂ ಬರುತ್ತದೆ, ಅಚ್ಚಾಗಿದೆಯಲ್ಲ. ಆದರೂ ಹೇಳದೆ ನನ್ನ ಕಡೆ ನೋಡಿದಳು.

ಜನ ತಿರುಗಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಕನ್ನಡಕ ತೆಗೆದು ಒರೆಸಿದೆ. ಇಪ್ಪತ್ತೆರಡು ವರ್ಷಕ್ಕೆ ಇಷ್ಟಾದರೂ ಕಾಯಲಿ ಎಂದು ಇನ್ನೊಂದು ಸಲ ಒರೆಸಿದೆ. ಆಮೇಲೆ ಎದ್ದು, ಅಕ್ಷರ ತಪ್ಪದೆ, ಅಪ್ಪನ ಧಾಟಿಯಲ್ಲೇ ಹೇಳಿದೆ:

ಅಡಿಯಿಟ್ಟ ಕಡೆಯೆಲ್ಲ ನೆಲವು ನೀನಲ್ಲವೇ.