ಹಿಂಡೆಬ್ಬಿಸುವ ದರ

ದಡದ ಬೆಂಚಿನಲ್ಲಿ ಕೂತು ಹಕ್ಕಿ ನೋಡುವುದಕ್ಕೆ ಐವತ್ತು. ದುರ್ಬೀನು ಬೇಕೆಂದರೆ ಇನ್ನೂ ಮೂವತ್ತು. ದೋಣಿಯಲ್ಲಿ ಒಂದು ಸುತ್ತಿಗೆ ಮುನ್ನೂರು, ಅದೂ ಹಿಂಡಿನಿಂದ ದೂರವೇ. ಹಿಂಡನ್ನು ಎಬ್ಬಿಸುವುದಕ್ಕೆ ದೋಣಿಯವಳು ಎಂದೂ ದರ ಇಟ್ಟವಳಲ್ಲ. ಆ ದಿನ ಇಟ್ಟಳು: ಎರಡು ಸಾವಿರ. ಹಾರುವ ಹಿಂಡಿನ ಫೋಟೊ ಬೇಕೆಂದು ಕೇಳಿದವನು ಹೆದರಿ ಹೋಗಲಿ ಎಂದೇ ಅಷ್ಟು ಹೇಳಿದ್ದು. ಕ್ಯಾಮೆರಾದವನು ಚೌಕಾಸಿಯನ್ನೂ ಮಾಡದೆ ನೋಟು ತೆಗೆದ. ಅವಳು ಬಾಯಿ ತೆರೆಯುವ ಮೊದಲೇ ಮೈದುನ ಅದನ್ನು ಜೇಬಿಗಿಳಿಸಿದ.

ಬೆಳಿಗ್ಗೆಯಿಂದ ಗಾಳಿ ಕೆರೆಯ ಮೇಲಿಂದ ಏರಿಯ ಕಡೆಗೆ ನುಗ್ಗುತ್ತಿತ್ತು. ದೂರದೇಶದಿಂದ ಬಂದ ಬಾತುಗಳು ನಡುಗೆರೆಯ ಜೊಂಡಿನ ಮರೆಯಲ್ಲಿ ಕೊಕ್ಕನ್ನು ಬೆನ್ನಿನ ಗರಿಗೆ ಹುದುಗಿಸಿ ಒತ್ತೊತ್ತಾಗಿ ಕೂತಿದ್ದವು. ಏರಿಯ ಮೇಲೆ ಹಾದುಹೋದ ಕರೆಂಟಿನ ತಂತಿಗಳು ಸಿಳ್ಳೆ ಹಾಕುತ್ತಿದ್ದವು.

"ಈ ಗಾಳೀಲಿ ಬೇಡ ಕಣಪ್ಪ," ಅಂದಳು ದೋಣಿಯವಳು ಮೈದುನನಿಗೆ. "ಬಾತು ಗಾಳಿಗೆ ಮುಖ ಕೊಟ್ಟು ಏಳತ್ತೆ. ಮುಂದೆ ಹೋಗಕ್ಕಾಗದೆ ತಿರುಗತ್ತೆ. ತಿರುಗಿದ್ರೆ ಗಾಳಿ ಅದನ್ನ ಸೀದಾ ತಂತಿಗೆ ಬಡಿಯತ್ತೆ."

"ದರ ಹೇಳಿದ್ದು ಯಾರು ಅತ್ತಿಗೆ? ನಾನಾ?"

ಅವಳು ದೋಣಿಯ ಹಗ್ಗ ಬಿಚ್ಚಿದಳು. "ಹಾಗಾದ್ರೆ ಅಂಚಿನ ಸಣ್ಣ ಗುಂಪು ಮಾತ್ರ."

"ಆಯ್ತು ಮಹಾತಾಯಿ."

ಕ್ಯಾಮೆರಾದವನು ಏರಿ ಹತ್ತಿ ತಂತಿಯ ಕೆಳಗೇ ನಿಂತ. ಹಕ್ಕಿ ಅವನ ಮುಖದ ಮೇಲೇ ಬರಬೇಕಂತೆ. ಮೈದುನ ಹಿಂದೆ ಎಂಜಿನ್ ಹಿಡಿದ, ಅವಳು ಹುಟ್ಟು ಹಿಡಿದು ಮುಂದೆ ಕೂತಳು.

ಐವತ್ತರಷ್ಟು ಸೂಜಿಬಾಲದ ಬಾತುಗಳು ಎದ್ದವು. ರೆಕ್ಕೆ ಬಡಿದೂ ಬಡಿದೂ ನಿಂತಲ್ಲೇ ನಿಂತು, ಒಮ್ಮೆಲೇ ಹೊರಳಿ, ಕಲ್ಲು ಬೀಸಿದ ಹಾಗೆ ಹೋದವು. ಸದ್ದು ಅವಳಿಗೆ ಕೇಳಲಿಲ್ಲ. ಗಾಳಿ ಅದನ್ನೂ ಆಚೆಗೆ ಒಯ್ದಿತ್ತು. ಕಣ್ಣಿಗೆ ಮಾತ್ರ ಕಂಡಿತು: ತಂತಿ ಅದುರಿದ್ದು, ಗರಿ ಚದುರಿದ್ದು, ಕತ್ತು ಮುರಿದ ಹಕ್ಕಿಗಳು ಏರಿಯ ಕಲ್ಲಿನ ಮೇಲೆ ಒಂದರ ಹಿಂದೊಂದು ಬಿದ್ದದ್ದು. ಅಷ್ಟರಲ್ಲಿ ಗಾಳಿ ದೋಣಿಯನ್ನೂ ಏರಿಯ ಹತ್ತಿರಕ್ಕೆ ತಳ್ಳಿತ್ತು. ಒಂಟಿ ರೆಕ್ಕೆಯ ಬಾತೊಂದು ನೀರಿನಲ್ಲಿ ಗಿರಗಿರನೆ ಸುತ್ತುತ್ತಿತ್ತು. ಅವಳು ಅದನ್ನೆತ್ತಿ, ತನ್ನ ಕೈಯಾರೆ ಕತ್ತು ಹಿಸುಕಿ ಮಡಿಲಲ್ಲಿಟ್ಟುಕೊಂಡಳು.

ಮೈದುನನ ಫೋನಿನಲ್ಲಿ ಕ್ಯಾಮೆರಾದವನ ದನಿ ಕಿರುಚಿತು: "ಫೋಕಸ್ ಸಿಗ್ಲಿಲ್ಲ. ಈ ಸಲ ದೊಡ್ಡ ಹಿಂಡು ಎಬ್ಬಿಸಿ. ಇನ್ನೆರಡು ಕೊಡ್ತೀನಿ."

ಮೈದುನ ದೋಣಿಯನ್ನು ಜೊಂಡಿನತ್ತ ತಿರುಗಿಸಿದ.

"ನಿಲ್ಸು."

"ಸತ್ತಿದ್ದು ಸತ್ತಾಯ್ತು ಅತ್ತಿಗೆ. ನಿಮ್ಮಪ್ಪನ ಮನೆ ಕೋಳಿಗಳಾ ಅವು?"

"ನಾಳೆ ಬೆಂಚಲ್ಲಿ ಕೂತವರಿಗೆ ಏನ್ ತೋರಿಸ್ತೀಯ, ನಿನ್ನ ಮೂತಿನಾ?"

ಅವಳು ಎಂಜಿನ್ನಿಗೆ ಕೈ ಹಾಕಿದಳು. ಅವನು ಎದೆಗೆ ಒದ್ದ. ಅವಳ ಬಾಯಿ ದೋಣಿಯ ಅಂಚಿಗೆ ಬಡಿದು ಹಲ್ಲು ತುಟಿಯೊಳಗೆ ಇಳಿಯಿತು. ಜೊಂಡು ಹತ್ತಿರವಾಗುತ್ತಿತ್ತು, ಸಾವಿರಾರು ಕತ್ತುಗಳು ಒಟ್ಟಿಗೆ ಮೇಲೆದ್ದವು. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲವೂ ತಂತಿಯ ಪಾಲು.

ಎಲ್ಲಿಗೆ ಹೊಡೆಯಬೇಕೆಂದು ಯೋಚಿಸುವಷ್ಟು ಸಮಯ ಅವಳಿಗಿತ್ತು. ತಲೆಗಲ್ಲ. ಎಂಜಿನ್ನಿನ ಹಿಡಿ ಹಿಡಿದಿದ್ದ ಬಲಗೈಗೆ ಹುಟ್ಟನ್ನು ಎತ್ತಿ ಹೊಡೆದಳು. ಅವನು ಬಿಡಲಿಲ್ಲ. ಇನ್ನೊಂದು ಹೊಡೆದಳು. ಹುಟ್ಟಿಗೂ ಕಬ್ಬಿಣಕ್ಕೂ ನಡುವೆ ಬೆರಳು ಜಜ್ಜಿ ಹೋದವು. ಅವಳು ಪೆಟ್ರೋಲಿನ ಪೈಪು ಕಿತ್ತಳು. ಎಂಜಿನ್ ನಿಂತಿತು. ಗಾಳಿ ದೋಣಿಯನ್ನು ಏರಿಗೆ ಒಯ್ಯುವವರೆಗೂ ಅವನು ಕೈ ಅವುಚಿಕೊಂಡು ವಾಂತಿ ಮಾಡುತ್ತಿದ್ದ. ಆಸ್ಪತ್ರೆಗೆ ಒಯ್ಯಲೆಂದು ಅವಳು ಅವನನ್ನು ಕ್ಯಾಮೆರಾದವನ ಕಾರಿನ ಹತ್ತಿರ ನಡೆಸಿಕೊಂಡು ಬಂದಳು.

"ಸೀಟೆಲ್ಲ ರಕ್ತ ಆಗತ್ತೆ," ಅಂದ ಕ್ಯಾಮೆರಾದವನು, ಕಾರಿಗೆ ಅಡ್ಡ ನಿಂತು. ಅವಳು ಕ್ಯಾಮೆರಾದ ಪಟ್ಟಿಯನ್ನು ಅವನ ಕುತ್ತಿಗೆಗೇ ತಿರುಚಿದಳು. ಮುಖ ಕೆಂಪಾದ ಮೇಲೆ ಬಾಗಿಲು ತೆರೆದ.

ಆಸ್ಪತ್ರೆಯಲ್ಲಿ ಕೈಗೆ ರಾಡು ಹಾಕಿದರು. ಎರಡು ಬೆರಳು ಮತ್ತೆ ಮಡಚಲಿಲ್ಲ. ಮೈದುನ ಬೇರೆ ಮನೆ ಮಾಡಿದ, ಅತ್ತಿಗೆಯ ಕೂಡ ಮಾತು ಬಿಟ್ಟ. ತಂತಿಗೆ ಸಿಕ್ಕು ಸತ್ತ ಬಾತು ಹತ್ತೊಂಬತ್ತು. ದೊಡ್ಡ ಹಿಂಡು ಆ ದಿನ ಏಳಲಿಲ್ಲ.