ಹದಿನೆಂಟನೆಯ ಅಧ್ಯಾಯ

ಮಾನ್ವಿಯಿಂದ ಬಂದ ಬಸ್ಸಿಳಿದು ಕನಕಮ್ಮ ನೇರವಾಗಿ ರಾಯಚೂರಿನ ಅಬ್ದುಲ್ ವಹೀದನ ಮೊಬೈಲ್ ಅಂಗಡಿಗೆ ಹೋದಳು. ಜೊತೆಗೆ ಪಕ್ಕದ ಮನೆಯ ಮಾನಮ್ಮ ಇದ್ದಳು. ಚೀಲದಲ್ಲಿ ಪುಸ್ತಕ ಓದುವ ಯಂತ್ರಗಳು ಎರಡು. ಒಂದು ಗಂಡ ಉರುಕುಂದಪ್ಪ ಮಾಸ್ತರರದು. ಅವರು ಅಂಗಳದಲ್ಲಿ ಕುಸಿದು ಪ್ರಾಣ ಬಿಟ್ಟ ದಿನ ಕೈಯಲ್ಲಿದ್ದ ಅದರ ಪರದೆಯೂ ಒಡೆದಿತ್ತು. ಇನ್ನೊಂದು ಮಗಳು ನಾಗವೇಣಿ ಮೊನ್ನೆ ತಂದುಕೊಟ್ಟ ಬೇರೆ ಕಂಪನಿಯ ಹೊಸದು.

ಕಣ್ಣು ಮಂಜಾದ ಮೇಲೆ ಮಾಸ್ತರರು ಅಕ್ಷರ ದೊಡ್ಡದು ಮಾಡಿಕೊಂಡು ಅದರಲ್ಲೇ ಪುರಾಣ ಓದುತ್ತಿದ್ದರು. ಸೋಮವಾರಕ್ಕೊಂದು ಅಧ್ಯಾಯ. ಓಣಿಯ ಹತ್ತು ಮಂದಿ ಕೇಳಲು ಕೂಡುತ್ತಿದ್ದರು. ಹದಿನೇಳು ಮುಗಿದು ಒಂದೇ ಉಳಿದಿತ್ತು. ಹಿಡಿದ ಪುರಾಣ ನಡುವೆ ಬಿಡಬಾರದು. ನಾಳೆ ಸೋಮವಾರವೇ ತಿಂಗಳ ಕಾರ್ಯ. ಅಂದು ಕೊನೆಯ ಅಧ್ಯಾಯ ಓದಿ ಮಂಗಳಾರತಿ ಎತ್ತುತ್ತೇನೆಂದು ಕನಕಮ್ಮ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಅಚ್ಚಿನ ಪ್ರತಿ ಎಲ್ಲಿಯೂ ಸಿಕ್ಕಿರಲಿಲ್ಲ.

ಈ ತಿಂಗಳಲ್ಲಿ ಅವಳಿಗೆ ಒಮ್ಮೆಯೂ ಅಳು ಬಂದಿರಲಿಲ್ಲ. ಉಂಡರೆ ಉಂಡಂತಿರಲಿಲ್ಲ, ಕೂತರೆ ಕೂತಂತಿರಲಿಲ್ಲ.

ವಹೀದ ಹಳೆಯದಕ್ಕೆ ವೈರು ಜೋಡಿಸಿ ಪುಸ್ತಕಗಳನ್ನೆಲ್ಲ ಹೊಸದಕ್ಕೆ ಇಳಿಸಿದ.

“ಪುರಾಣ ಬಂದದ ನೋಡ್ರಿ ಯವ್ವಾ. ಆದ್ರ ತೆರಿಯಾಕ ಒಲ್ಲದು.”

“ಯಾಕಪಾ? ಅಕ್ಷರ ಅವೇ ಅಲ್ಲೇನು?”

“ಅಕ್ಷರ ಅವೇ ರೀ. ಫೈಲಿನ ನಮೂನಿ ಬ್ಯಾರೆ. ಆ ಕಂಪನಿದು ಈ ಕಂಪನಿ ಯಂತ್ರ ಓದಂಗಿಲ್ಲ. ಮ್ಯಾಲ ಬೀಗ ಬ್ಯಾರೆ ಹಾಕ್ಯಾರ, ಯಾರೂ ನಕಲು ಮಾಡಬಾರದಂತ.”

“ನಕಲು ಯಾರಿಗೆ ಬೇಕಪಾ? ನಮ್ಮದೇ ಪುಸ್ತಕ.”

“ಸರ್ ತಗೊಂಡಾರ ಅಂತ ಅದಕ್ಕ ಗೊತ್ತದ. ನೀವು ಯಾರಂತ ಗೊತ್ತಿಲ್ಲ.”

ಮಾನಮ್ಮ ಸೆರಗು ಕೊಡವಿದಳು. “ನಲವತ್ತು ವರ್ಷ ಆ ಮನಷಾಗ ರೊಟ್ಟಿ ಬಡದು ಹಾಕ್ಯಾಳ. ಇಕಿ ಯಾರಂತ ಕೇಳತದೇನ್ ಆ ಡಬ್ಬಿ?”

ವಹೀದ ನಗಲು ಹೋಗಿ ಕನಕಮ್ಮನ ಮುಖ ನೋಡಿ ಸುಮ್ಮನಾದ. “ಒಂದು ದಾರಿ ಅದ. ಕಂಪ್ಯೂಟರಿನಾಗ ಸರ್ ಖಾತೆ ತೆರದ್ರ ಓದಬಹುದು. ಅವರ ಫೋನಿಗೆ ಆರು ಅಂಕಿ ಬರ್ತಾವ, ಹೇಳಿದ್ರ ಸಾಕು. ಫೋನ್ ತಂದೀರೇನು?”

ಕನಕಮ್ಮ ಚೀಲದ ಬಾಯಿ ಮುಚ್ಚಿದಳು. ಅಸ್ಥಿ ಬಿಡುವ ದಿನ ಸತ್ತವರು ದಿನವೂ ಮುಟ್ಟುತ್ತಿದ್ದದ್ದನ್ನೆಲ್ಲ ಹೊಳೆಗೆ ಹಾಕುವುದು ಮನೆಯ ರೂಢಿ; ಕೃಷ್ಣೆಯ ದಂಡೆಯ ಗೂಗಲ್ ಊರಿನಲ್ಲಿ ಮಾಸ್ತರರವನ್ನೂ ಹಾಗೆಯೇ ಹಾಕಿದ್ದರು. ಚಾಳೀಸು ಕನ್ನಡಕ, ವಿಭೂತಿಗಟ್ಟಿ, ಫೋನು. “ಫೋನು ಬ್ಯಾಡ ಯವ್ವಾ” ಎಂದು ನಾಗವೇಣಿ ಕೈ ಹಿಡಿದಿದ್ದಳು. ಕೈ ಬಿಡಿಸಿಕೊಂಡು ಹಾಕಿದವಳು ತಾನೇ.

“ಹೊಳ್ಯಾಗ ಅದ” ಎಂದಳು.

“ಅದೇ ನಂಬರಿನ ಹೊಸ ಸಿಮ್ ಕೊಡಂಗಿಲ್ಲೇನು?” ಮಾನಮ್ಮ ಕೇಳಿದಳು.

“ಮರಣಪತ್ರ ಕೊಟ್ಟು ಅರ್ಜಿ ಹಾಕಬೇಕ್ರಿ. ನಾಳಿಗಂತೂ ಆಗಂಗಿಲ್ಲ.” ವಹೀದ ಇನ್ನೊಮ್ಮೆ ಹುಡುಕಿದ. “ಇದೊಂದು ತೆರೀತು ನೋಡ್ರಿ. ಅಚ್ಚು ಹಾಕಿದವರು ನೋಡಾಕಂತ ಪುಕ್ಕಟೆ ಕೊಟ್ಟ ಮೊದಲ್ನೇ ಅಧ್ಯಾಯ. ಇದರ ನಮೂನಿ ಎಲ್ಲಾ ಯಂತ್ರಕ್ಕೂ ನಡೀತದ, ಬೀಗಾನೂ ಇಲ್ಲ.”

ಮರುದಿನ ಊಟವಾದ ಮೇಲೆ ಓಣಿಯವರು ಕೂಡಿದರು. ಮಾನಮ್ಮ ಆರತಿ ತಟ್ಟೆಯಲ್ಲಿ ಕರ್ಪೂರವಿಟ್ಟು ಕಡ್ಡಿಪೆಟ್ಟಿಗೆ ಹಿಡಿದು ನಿಂತಳು. ಮಾಸ್ತರರ ಚಾಪೆಯ ಮೇಲೆ ಕನಕಮ್ಮ ಕೂತಳು.

“ಕೊನೀ ಅಧ್ಯಾಯಕ್ಕ ಬೀಗ ಬಿದ್ದದ. ಕೀಲಿ ನಾನೇ ಹೊಳಿಗೆ ಹಾಕೀನಿ. ಅದು ಸಿಗೂತನಕ ಮೊದಲ್ನೇದೇ ಕೇಳ್ರಿ.”

ಅಕ್ಷರವನ್ನು ಮಾಸ್ತರರು ಮಾಡಿಕೊಳ್ಳುತ್ತಿದ್ದಷ್ಟೇ ದೊಡ್ಡದು ಮಾಡಿ, ತಡವರಿಸುತ್ತ, ಅಧ್ಯಾಯವನ್ನು ಪೂರಾ ಓದಿದಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ.

“ಆರತಿ ಹಚ್ಚಲೇನಬೇ?” ಮಾನಮ್ಮ ಮೆಲ್ಲಗೆ ಕೇಳಿದಳು.

“ಮುಗದಿಲ್ಲಲ್ಲ.”

ಕನಕಮ್ಮ ಕರ್ಪೂರದ ಬಿಲ್ಲೆಯನ್ನು ತಿರುಗಿ ಡಬ್ಬಿಗೆ ಹಾಕಿದಳು. ಮಂದಿ ಇನ್ನೂ ಎದ್ದಿರಲಿಲ್ಲ. ಅವಳು ಎದ್ದು ಟ್ರಂಕಿನಲ್ಲಿ ಮರಣಪತ್ರ ಹುಡುಕತೊಡಗಿದಳು.